ಮಕ್ಕಾಕ್ಕೆ ಬೆನ್ನು ಹಾಕಿದ ಡಿಶ್

14 ಡಿಸೆಂಬರ್ 2006, ಗುರುವಾಯನಕೆರೆ
ಇವತ್ತೂ ನೋ ಸಿಗ್ನಲ್. ಟಿವಿ ತುಂಬ ಬರೀ ನೀಲಿ. ಉಮ್ಮ ಅದನ್ನೇ ನೋಡುತ್ತ ತಸ್ಬಿ ಮಣಿ ಎಣಿಸಿದರು. ನೋಡಿ ನೋಡಿ ನನಗೂ ಕಡಲ ತಳದಲ್ಲಿ ಕೂತ ಹಾಗೆ...

ಚಕ್ರದ ಮೇಲಿನ ಮನೆ ನಮ್ಮದು. ನನ್ನ ಗಂಡ ಅಸ್ಕರ್ ರಸ್ತೆ ಕೆಲಸದ ಸೂಪರ್‌ವೈಸರ್. ಡಾಮರು ಮುಂದೆ ಹೋದ ಹಾಗೆ ಈ ಟ್ರೈಲರೂ ಹೋಗುತ್ತದೆ. ನನ್ನ ಬಾಪ ಹಜ್ಜಿಗೆ ಹೋದ ಮೇಲೆ ಬಂಟ್ವಾಳದ ತವರಿನಿಂದ ಉಮ್ಮನೂ ಬಂದು ಸೇರಿದ್ದಾರೆ.

16, ಶನಿವಾರ
ಹೊರಡುವ ದಿನ ಬಾಪ ಎಲ್ಲರ ಹತ್ತಿರ ಮಾಫಿ ಕೇಳಿದರು. ಹಜ್ಜಿಗೆ ಹೋಗುವವರ ಕ್ರಮ. ಉಮ್ಮ ಮಾತ್ರ ಮಾಫಿ ಮಾಡಿದೆ ಅನ್ನಲು ಬಾಯಿ ಬಿಡಲಿಲ್ಲ. ಜೊತೆಗೆ ಹೋಗಬೇಕಿದ್ದವರು — ಮಂಡಿನೋವು ಬಿಡಲಿಲ್ಲ. ಆ ಸಿಟ್ಟು ಬಾಪನ ಮೇಲೆ. ಈಗ ಕೊರಗು.

ಫೋನಿನಲ್ಲಿ ಹೇಳಿ ಎಂದರೆ, “ಮುಖ ನೋಡಿಯೇ ಹೇಳಬೇಕು ಮೋಳೆ.” ಹಾಜಿಗಳೆಲ್ಲ ಒಂದೇ ಕಡೆ ಸೇರುವ ಅರಫಾ ದಿನ ಟಿವಿಯಲ್ಲಿ ಲೈವ್ ಬರುತ್ತದಲ್ಲ, ಆ ಲಕ್ಷಗಟ್ಟಲೆ ಜನರಲ್ಲಿ ಬಾಪನನ್ನು ಹುಡುಕುತ್ತಾರಂತೆ. ನಗು ಬಂತು. ಪಾಪ ಅನಿಸಿತು.

20, ಸಂಜೆ
ಡಿಶ್ ಅಂಗಡಿಯ ದೇವಿಪ್ರಸಾದ್ ಬಂದವರು ಮಾಡಿನ ಮೇಲಿನ ಡಿಶ್ ನೋಡಿ ತಲೆಗೆ ಕೈ ಇಟ್ಟರು. “ಇದನ್ನು ಹೀಗೆ ಇಟ್ಟದ್ದು ಯಾರು ಮಾರಾಯ್ರೆ?”

“ಕಿಬ್ಲಾಕ್ಕೆ ಸರಿಯಾಗಿ ಉಂಟಲ್ಲ,” ಉಮ್ಮ. “ಮಕ್ಕಾದ ಚಿತ್ರ ಮತ್ತೆ ಎಲ್ಲಿಂದ ಬರ್ತದೆ?”

ನಮಾಜಿನ ಚಾಪೆ ಹಾಸಿ, ಅದು ಮಕ್ಕಾಕ್ಕೆ ತೋರುವ ದಿಕ್ಕು ಹಿಡಿದು ಇಟ್ಟವರು ನಮ್ಮ ಅಸ್ಕರ್! ಸೂಪರ್‌ವೈಸರ್ ಬೇರೆ.

“ಸ್ಯಾಟಲೈಟ್ ಇರುವುದು ಮೂಡು ಬದಿಗೆ. ಡಿಶ್ ಮಕ್ಕಾಕ್ಕೆ ಬೆನ್ನು ಹಾಕಿದರೇ ಚಿತ್ರ.”

ಉಮ್ಮನ ಮುಖ ಸಣ್ಣದಾಯಿತು. “ತಿರುಗಿಸಿ. ಅಲ್ಲಾಹನಿಗೆ ಗೊತ್ತುಂಟು,” ಎಂದರು.

ಬಂತು. ಕಪ್ಪು ಕಾಬಾ, ಸುತ್ತ ತಿರುಗುವ ಬಿಳಿ. ಟ್ರೈಲರೇ ಮೆಲ್ಲ ತಿರುಗುತ್ತಿದೆ ಅನಿಸಿ ಕಿಟಕಿ ಹಿಡಿದುಕೊಂಡೆ. ಎಷ್ಟು ಸುಖ.

27, ಮೂಡುಬಿದಿರೆ ರಸ್ತೆ
ಕ್ಯಾಂಪ್ ಮುಂದೆ ಬಂತು. ಮತ್ತೆ ನೀಲಿ. ಡಿಶ್ ಬೆರಳಗಲ ಸರಿದರೂ ಚಿತ್ರ ಮಾಯ. ಅಸ್ಕರ್ ಮಾಡಿನ ಮೇಲೆ, ನಾನು ಕಿಟಕಿಯಲ್ಲಿ — “ಬಂತಾ?” “ಇಲ್ಲ.” “ಈಗ?” ಉಮ್ಮ ಊಟ ಮಾಡಲಿಲ್ಲ. ಅರಫಾಕ್ಕೆ ಇನ್ನು ಎರಡೇ ದಿನ, ನನಗೆ ಹೆದರಿಕೆ.

29, ಶುಕ್ರವಾರ, ಮಧ್ಯಾಹ್ನ
ಅರಫಾ. ಚಿತ್ರ ಬಂದಿದೆ, ಚೌಕ ಚೌಕ ಒಡೆಯುತ್ತ. ಗುಡ್ಡ ತುಂಬ ಬಿಳಿ ಬಟ್ಟೆಯ ಜನ. ಉಮ್ಮ ಸ್ಟೂಲ್ ಎಳೆದು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಒಬ್ಬರ ಮೇಲೆ ಬೆರಳಿಟ್ಟರು. “ಇವರೇ.”

ಬಾಪ ಅಷ್ಟು ಎತ್ತರ ಇಲ್ಲ. ನಾನು ಹೇಳಲಿಲ್ಲ.

ಆಗಲೇ ಚಿತ್ರ ನಿಂತುಹೋಯಿತು — ನೀಲಿಯಾಗಲಿಲ್ಲ, ಆ ಮನುಷ್ಯ ಅಲ್ಲೇ ಹಾಗೆಯೇ. ಗಾಳಿಗೆ ಡಿಶ್ ತುಸು ಸರಿದಿರಬೇಕು. ಸರಿ ಮಾಡಲು ಅಸ್ಕರ್ ಎದ್ದರು.

“ಬಿಡು ಅಸ್ಕರ್. ಅವರು ಸ್ವಲ್ಪ ನಿಲ್ಲಲಿ.” ಉಮ್ಮ ಟಿವಿಯ ಗಾಜಿಗೆ ಮುಖ ಹತ್ತಿರ ತಂದರು. “ನಾನು ಮಾಫಿ ಮಾಡಿದ್ದೇನೆ. ಅವತ್ತೇ ಮಾಡಿದ್ದೆ, ಹೇಳ್ಲಿಕ್ಕೆ ಆಗ್ಲಿಲ್ಲ. ನೀವೂ ನನಗೆ...”

ಇಬ್ಬರೂ ಹೊರಗೆ ಬಂದೆವು. ಅಸ್ಕರ್ ಕಣ್ಣೊರೆಸುತ್ತ ನೀರು ತರಲು ಹೋದರು. ಮೆಟ್ಟಿಲಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಉಮ್ಮ ಇನ್ನೂ ಮಾತಾಡುತ್ತಿದ್ದಾರೆ. ಗಾಳಿ ಮತ್ತೆ ಎದ್ದಿತು. ಡಿಶ್ ಸರಿಯಾಗಿ ತಿರುಗಿಬಿಟ್ಟರೆ ಚಿತ್ರ ಓಡುತ್ತದೆ, ಉಮ್ಮನ ಎದುರು ನಿಂತವರು ಹೋಗಿಬಿಡುತ್ತಾರೆ. ಪೆನ್ನಿಟ್ಟು ಮಾಡಿಗೆ ಹತ್ತಿ ಡಿಶ್ ಅಲ್ಲಾಡದ ಹಾಗೆ ಹಿಡಿದುಕೊ—