ವ್ಯಾನಿನ ಶೆಡ್ಡೂ ಎರಡು ಓರೆಗೆರೆಯೂ

ಜೀರಹಳ್ಳಿ
17 ಅಕ್ಟೋಬರ್ 2024

ಮೂವತ್ತು ವರ್ಷ ನನ್ನ ಬೆನ್ನ ಹಿಂದೆ ನಿಂತು ಮಾತು ಎತ್ತಿಕೊಟ್ಟ ಗೆಳೆಯ ಜಡೆಸ್ವಾಮಿಗೆ,

ಉಮಾಶಂಕರ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಬರೆಯುವುದಿಲ್ಲ. ಹಾಸನೂರಿನಲ್ಲಿ ಚಳಿ ಶುರುವಾಯಿತೇ, ನಿನ್ನ ಮಂಡಿನೋವು ಹೇಗಿದೆ ಎಂದು ಕೇಳುವ ಮೊದಲು ತಪ್ಪೊಪ್ಪಿಗೆ ಮುಗಿಸಿಬಿಡುತ್ತೇನೆ. ನಿನ್ನ ಎರಡು ಕಾಗದಕ್ಕೂ ನಾನು ಉತ್ತರ ಹಾಕಲಿಲ್ಲ. ಎರಡರಲ್ಲೂ ನೀನು ಶೆಡ್ಡಿನ ಅಪ್ಪಣೆ ಬಂತೇ ಎಂದು ಕೇಳಿದ್ದೆ. ಪೆನ್ನು ಹಿಡಿದಾಗಲೆಲ್ಲ ಅದು ಕೈಯಲ್ಲಿ ಗದೆಯಾಗುತ್ತಿತ್ತು. ಗದೆ ಹಿಡಿದವನು ಗೆಳೆಯನಿಗೆ ಕಾಗದ ಬರೆಯಬಾರದು ಎಂದು ಸುಮ್ಮನಿದ್ದೆ. ಇವತ್ತು ಗದೆಯಲ್ಲೇ ಬರೆಯುತ್ತಿದ್ದೇನೆ, ಓದಿಕೋ.

ಅಪ್ಪಣೆ ಬಂದಿಲ್ಲ. ರಾಜಪಾರ್ಟು ಹಾಕಿ ಮೂರು ಲೋಕ ನಡುಗಿಸಿದವನು ಈಗ ಹನ್ನೆರಡಡಿ ಅಗಲ, ಇಪ್ಪತ್ತಡಿ ಉದ್ದದ ಒಂದು ತಗಡಿನ ಶೆಡ್ಡಿಗೆ ಒಪ್ಪಿಗೆ ಕೊಡಿ ಎಂದು ಕಚೇರಿಯ ಕಿಟಕಿಯಿಂದ ಕಿಟಕಿಗೆ ಅಲೆಯುತ್ತಿದ್ದಾನೆ. ಕಿರೀಟವಿಲ್ಲ, ಹಾರ್ಮೋನಿಯಂ ಇಲ್ಲ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು.

ಇದೆಲ್ಲ ಶುರುವಾದದ್ದು ಆಗಸ್ಟಿನಲ್ಲಿ. ಮಗಳು ಮೀನಾ ಕೋಸು, ಬೀನ್ಸು, ಟೊಮೆಟೊ ತುಂಬಿ ತಾಳವಾಡಿ ಮಾರ್ಕೆಟ್ಟಿಗೆ ಓಡಿಸುವ ವ್ಯಾನನ್ನು ಅಡುಗೆಮನೆಯ ಗೋಡೆಗೆ ಒತ್ತರಿಸಿ ನಿಲ್ಲಿಸುತ್ತಿದ್ದಳು. ಒಂದು ದಿನ ಎದ್ದು ನೋಡಿದರೆ ಅದರ ಹಿಂದಿನ ಬಾಗಿಲು ಕಿತ್ತು ಬಿದ್ದಿದೆ, ವ್ಯಾನು ಗೋಡೆಗೆ ಗುದ್ದಿಕೊಂಡಿದೆ, ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು. ಉಳಿದ ಟೊಮೆಟೊ ವಾಸನೆಗೆ ಒಂಟಿ ಸಲಗ ಬಂದಿತ್ತು. ಗೋಡೆಯ ಈಚೆ ಮಲಗಿದ್ದವಳು ನನ್ನ ಮಗಳು. ಫಾರೆಸ್ಟ್ ವಾಚರ್ ಬಂದು ನೋಡಿ ಹೇಳಿದ: "ಗಾಡಿಯ ಮನೆಗಂಟ್ಸಿ ನಿಲ್ಲುಸ್ಬ್ಯಾಡಿ ಅಣ್ಣಾ. ದೂರಕ್ಕೆ ಬ್ಯಾರೆ ಶೆಡ್ಡು ಮಾಡಿ, ಕಬ್ಬುಣದ ಬಾಗ್ಲು ಆಕಿ. ಆನೆ ಬಂದ್ರೆ ಶೆಡ್ಡು ಓಗ್ಲಿ, ಒಳ್ಗಿರೋರು ಉಳೀಲಿ." ರಾಗಿ ಬಲಿಯುವುದಕ್ಕೆ ಮುಂಚೆ ಮಾಡಿ ಎಂದೂ ಹೇಳಿದ. ತೆನೆ ಬಲಿತ ಮೇಲೆ ಅವು ಬರದ ದಿನವಿಲ್ಲ.

ರಸ್ತೆಯಿಂದ ವ್ಯಾನು ಒಳಗೆ ಬರುವ ಜಾಗ ನಮ್ಮಲ್ಲಿ ಒಂದೇ, ಪೂರ್ವದ ಪಟ್ಟಿ. ನಿನಗೆ ಆ ಜಾಗ ಅಂಗೈಯಷ್ಟು ಗೊತ್ತು. ನಮ್ಮ ತಾಲೀಮೆಲ್ಲ ನಡೆದದ್ದು ಅಲ್ಲೇ. ನನ್ನ ಅಕ್ಕ ಮಾದೇವಮ್ಮ ತನ್ನ ಒಂಟಿಕೋಣೆ ಮನೆಯ ಬಾಗಿಲಲ್ಲಿ ಕೂತು ಸೀನಿಗೊಂದು ಸಲ ಕಾಫಿ ಕಾಸಿ ಕೊಡುತ್ತಿದ್ದಳು. ಈಗ ಅಲ್ಲಿ ಅವಳ ಅವರೆಯ ಚಪ್ಪರವಿದೆ. ಪಟ್ಟಾ ನನ್ನ ಹೆಸರಿನಲ್ಲಿದೆ.

ಈ ತಮಿಳು ಕಚೇರಿಯವರು ಮನು ಎನ್ನುವ ಅರ್ಜಿಯನ್ನು ಬರೆಯಲು ಕೂತಾಗ ಪೆಟ್ಟಿಗೆಯಿಂದ ನೀನು ಬರೆದುಕೊಟ್ಟ ಪಾರ್ಟಿನ ಪುಸ್ತಕ ತೆಗೆದೆ. ನನ್ನ ಎದೆಯ ಉಬ್ಬಸ ನೋಡಿಕೊಂಡು, ಉದ್ದದ ಮಾತಿನ ನಡುವೆ ಎಲ್ಲಿ ಉಸಿರೆಳೆಯಬೇಕೋ ಅಲ್ಲಿ ನೀನು ಎರಡು ಓರೆಗೆರೆ ಹಾಕುತ್ತಿದ್ದೆ. ಬೇರೆ ಯಾವ ಪ್ರಾಂಪ್ಟರೂ ನಟನಿಗೆ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ. ಆ ಗೆರೆಗಳನ್ನು ನೋಡುತ್ತಲೇ ನಾಲ್ಕು ಪುಟ ಬರೆದೆ. ಸಕಲ ಅಧಿಕಾರಿಗಳಿಗೂ ವಂದನೆ, ಸಲಗದ ಪ್ರವೇಶ, ಗೋಡೆಯ ಪತನ, ತಂದೆಯ ಶೋಕ, ಎಲ್ಲ ಇತ್ತು. ಕಿಟಕಿಯ ಆಚೆ ಕೂತ ಹೆಣ್ಣುಮಗಳು ಘಟ್ಟದ ಕೆಳಗಿನ ತಮಿಳು ಸೀಮೆಯವಳು, ಕನ್ನಡ ತಡೆತಡೆದು ಓದುತ್ತಾಳೆ. ಓದಿ ಮುಗಿಸಿ ತಲೆ ಎತ್ತಿ, "ಅಯ್ಯಾ, ಇದು ಮನುವಾ, ನಾಟಕ ವಸನಮಾ?" ಎಂದಳು.

"ಒಪ್ಪುಗೆ ಕೊಟ್ರೆ ಮನು, ಕೊಡ್ದೆವೋದ್ರೆ ನಾಟ್ಕ ಕಣಮ್ಮ" ಎಂದೆ.

ಅವಳು ನಕ್ಕಳು. ಅಲ್ಲಿ ನಕ್ಕವಳು ಅವಳೊಬ್ಬಳೇ. ನಕ್ಷೆ ತನ್ನಿ ಎಂದರು, ತಂದೆ. ಎಲ್ಲೆಯಿಂದ ಎಷ್ಟು ಅಡಿ ಬಿಟ್ಟಿದ್ದೀರಿ ಎಂದರು, ಅಳೆದೆ. ಆರನೆಯ ಸಲ ಹೋದಾಗ ಅವಳೇ ತಗ್ಗಿದ ದನಿಯಲ್ಲಿ ಹೇಳಿದಳು: ಹೆಸರಿಲ್ಲದ ಆಕ್ಷೇಪಣೆಯೊಂದು ಬಂದಿದೆ, ಕನ್ನಡದಲ್ಲಿದೆ, ವಿಚಾರಣೆಯಾಗದೆ ಫೈಲು ಮುಂದೆ ಹೋಗುವುದಿಲ್ಲ.

ಕನ್ನಡದಲ್ಲಿದೆ ಎಂದ ತಕ್ಷಣ ನನಗೆ ಪಕ್ಕದ ಹೊಲದ ರಂಗಪ್ಪನ ಮುಖ ಕಂಡಿತು. ಬೇಲಿಯ ಜಗಳ ನಿನಗೆ ಗೊತ್ತಲ್ಲ. ಬಸ್ಸಿಳಿದವನೇ ಅವನ ಹೊಲದ ಮುಂದೆ ರಸ್ತೆಯಲ್ಲಿ ನಿಂತು, ಕೊನೆಯ ಬೆಂಚಿನವರಿಗೂ ಕೇಳುವಂತೆ ಶುರುಮಾಡಿದೆ. ಹೇಡಿ ಎಂದೆ, ಕತ್ತಲಲ್ಲಿ ಬಾಣ ಬಿಡುವವನು ಎಂದೆ, ಅವನ ಅಪ್ಪ ಅಜ್ಜನನ್ನೂ ಕರೆದೆ. ರಂಗಪ್ಪ ಕೋಸಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡ. ಆಮೇಲೆ ಹೇಳಿದ:

"ಮುಗೀತಾ? ಇನ್ನೂ ಅಯ್ತಾ? ನಂಗೆ ಬರ್ಯೋಕ್ ಬಂದಿದ್ರೆ ಒತ್ತಿಗ್ ಮುಂಚೆ ನಿನ್ ಮೇಲ್ ಬರೀತಿದ್ದೆ ಕಣ್ಲಾ. ಬರಾಕಿಲ್ಲ. ನಿನ್ನ ಬಯ್ಯೋಕೆ ದೇವ್ರು ಬಾಯಿ ಕೊಟ್ಟವ್ನೆ, ಎದುರ್ಗೇ ಬಯ್ತೀನಿ. ಕಳ್ಳ ನನ್ಮಗ್ನೇ, ನಿನ್ ಶೆಡ್ಡು ಬಿದ್ದೋಗಾ. ಸರಿಯಾ? ಈಗ್ ಓಗು, ಗಾಳಿ ನಿನ್ ಕಡೀಕ್ ಬೀಸ್ತಾ ಅದೆ, ಔಸ್ದಿ ಕುಡ್ದುಬುಟ್ಟೀಯ."

ಶತ್ರುವೆಂದರೆ ಹೀಗಿರಬೇಕು. ನಾನು ಔಷಧಿಯ ಗಾಳಿಗೆ ಕೆಮ್ಮುತ್ತ ಮನೆಗೆ ಬಂದೆ.

ಹೋದ ಗುರುವಾರ ಆ ಹೆಣ್ಣುಮಗಳು ಉತ್ತರ ಬರೆಯಲೆಂದು ಆಕ್ಷೇಪಣೆಯ ಜೆರಾಕ್ಸ್ ಕೊಟ್ಟಳು. ಎರಡು ಪುಟ. ಮೂರು ತಕರಾರು. ಒಂದು, ಶೆಡ್ಡು ಎದ್ದರೆ ಮುದುಕಿಯೊಬ್ಬಳ ಬಾಗಿಲಿಗೆ ದಾರಿ ಮುಚ್ಚುತ್ತದೆ. ಎರಡು, ಈತ ಶೆಡ್ಡೆಂದು ಹೇಳಿ ರಂಗಮಂಟಪ ಕಟ್ಟಿ ಊರಿನ ಕಿವಿ ಕೆಡಿಸುತ್ತಾನೆ. ಇದನ್ನು ಓದಿ ನನಗೂ ನಗು ಬಂತು. ಮೂರನೆಯದಕ್ಕೆ ಬರಲಿಲ್ಲ. ಆ ಪಟ್ಟಿ ಈತನದೇ ಅಲ್ಲ, ಅಕ್ಕನ ಪಾಲು, ಮುದಿಯೋರ್ ಪೆನ್ಸನ್ನಿನ ಕಾಗದವೆಂದು ನಂಬಿಸಿ ಪಾಲು ಬಿಟ್ಟುಕೊಟ್ಟ ಪತ್ರಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ ಎಂದು ಬರೆದಿದೆ. ಪತ್ರವೆಲ್ಲ ತಮಿಳಿನಲ್ಲಿತ್ತು, ಓದಿ ಹೇಳಿದವನು ಈತನೇ ಎಂದೂ ಇದೆ.

ಇರಲಿ. ನಾನು ಅಂಜುವವನಲ್ಲ. ಮಕ್ಕಳಿಲ್ಲದವಳು ಆ ಪಾಲಿನಲ್ಲಿ ಏನು ಮಾಡಬೇಕಿತ್ತು? ಇವತ್ತಲ್ಲ ನಾಳೆ ನನಗೇ ಬರಬೇಕಾದದ್ದು ಸ್ವಲ್ಪ ಮುಂಚೆ ಬಂತು. ಎಪ್ಪತ್ತನಾಲ್ಕು ವರ್ಷದವಳಿಗೆ ಮೂರು ಹೊತ್ತು ನನ್ನ ಮನೆಯಿಂದಲೇ ಅನ್ನ ಹೋಗುತ್ತದೆ. ಇದನ್ನು ಬರೆದ ಕೈಗೆ ಆ ಅನ್ನ ಕಾಣಲಿಲ್ಲವೇ?

ವಿಚಾರಣೆ ಇದೇ 28ಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ. ಅಕ್ಕ ಬಂದು ಅಧಿಕಾರಿಯ ಮುಂದೆ, ನಾನು ಮನಸ್ಸಾರೆ ಕೊಟ್ಟದ್ದು ಎಂದರೆ ಆಕ್ಷೇಪಣೆ ಬಿದ್ದುಹೋಗುತ್ತದೆ. ಶನಿವಾರ ಹೋದೆ. ಅವಳು ಸೆರಗಿನ ತುಂಬ ಅವರೆಕಾಯಿ ಕಿತ್ತುಕೊಂಡು ಚಪ್ಪರದ ಕೆಳಗೆ ನಿಂತಿದ್ದಳು.

"ಇಪ್ಪತ್ತೆಂಟ್ನೇ ತಾರೀಕು ಸೋಮಾರ ಆಪೀಸ್ಗೆ ಬರ್ಬೇಕು ಅಕ್ಕಾ. ಈ ಜಾಗ ಮನ್ಸಾರೆ ಬುಟ್ಕೊಟ್ಟೆ ಅಂತ ಏಳ್ಬೇಕು."

"ಯಾವ್ ಜಾಗ ಲಾ?"

"ಇದೇ. ಚಪ್ರ ಇರೋದು."

ಅವಳು ಚಪ್ಪರವನ್ನೊಮ್ಮೆ ನೋಡಿದಳು, ನನ್ನನ್ನು ನೋಡಲಿಲ್ಲ. "ಏಳು ಅಂದ್ರೆ ಏಳ್ತೀನಿ ಬುಡು. ಅವತ್ತೂ ಎಬ್ಬೆಟ್ಟು ಒತ್ತು ಅಂದೆ, ಒತ್ತುದ್ನಲ್ಲ. ಮೇಷ್ಟ್ರೂ ಇದ್ರು." ಒಂದು ಕಾಯಿ ಸುಲಿದು ಕಾಳನ್ನು ಹಲ್ಲಿಲ್ಲದ ಬಾಯಿಗೆ ಹಾಕಿಕೊಂಡಳು. "ಪೆನ್ಸನ್ನು ಬರ್ನಿಲ್ಲ ಕಣ್ಲಾ. ನೀನು ಬ್ಯಾಸ್ರ ಮಾಡ್ಕತೀಯ ಅಂತ ನಾನೂ ಕೇಳ್ನಿಲ್ಲ. ಚಪ್ರ ಮಾತ್ರ ಈ ಕಾಯಿ ಮುಗಿಯೋಗಂಟ ಇರ್ಲಿ."

ನಾನು ಮಾತು ಮರೆತು ನಿಂತೆ. ಹಿಂದಿನಿಂದ ಎತ್ತಿಕೊಡಲು ಯಾರೂ ಇರಲಿಲ್ಲ. ತಿರುಗಿ ಬಂದುಬಿಟ್ಟೆ.

ಮನೆಗೆ ಬಂದರೆ ಮೀನಾ ವ್ಯಾನಿಗೆ ಕ್ರೇಟು ಹೇರುತ್ತಿದ್ದಳು. ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಾಳೆ. "ಅತ್ತೆ ಬಾಗ್ಲು ಮುಚ್ಚಿ ನನ್ ಗಾಡಿಗ್ ಬಾಗ್ಲು ಆಕ್ಬ್ಯಾಡ ಅಪ್ಪ" ಎಂದಳು. ಆನೆ ಬಂದರೆ ಏನು ಮಾಡುತ್ತೀಯ ಎಂದೆ. "ಆನೆ ಬಂದ್ರೆ ಎದುರ್ಗೆ ಬತ್ತದೆ" ಎಂದು ಗಾಡಿ ಹತ್ತಿ ಹೋದಳು. ಆವತ್ತಿನಿಂದ ವ್ಯಾನನ್ನು ಶಾಲೆಯ ಹತ್ತಿರ ರಸ್ತೆಬದಿಯಲ್ಲಿ ನಿಲ್ಲಿಸಿ, ಕ್ರೇಟು ತೊಳೆದು, ನಡೆದು ಮನೆಗೆ ಬರುತ್ತಾಳೆ. ನನ್ನ ಜೊತೆ ಉಣ್ಣುತ್ತಾಳೆ, ಮಾತಾಡುವುದಿಲ್ಲ. ನನ್ನ ಸೈನ್ಯದಲ್ಲಿ ಉಳಿದಿರುವವನು ನಾನೊಬ್ಬನೇ, ಜಡೆಸ್ವಾಮಿ. ಆದರೂ ದನಿ ಇಳಿಸಿಲ್ಲ.

ಅಂಚೆಯನ್ನು ನಂಬದೆ ಇದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಗುರುಲಿಂಗಮ್ಮ ತಂಗಿಗೆ ನನ್ನ ನಮಸ್ಕಾರ ಹೇಳು. ಅವಳ ಕೈಯ ಉಪ್ಪಿನಕಾಯಿ ಮುಗಿದು ತಿಂಗಳಾಯಿತು. ನಿನ್ನ ಮೊಮ್ಮಗಳು ಪುಷ್ಪ ಚೆನ್ನಾಗಿ ಓದಲಿ, ದನಿ ಎತ್ತಿ ಮಾತಾಡಲು ಕಲಿಯಲಿ, ನೂರು ವರ್ಷ ಬಾಳಲಿ. ನಿನ್ನ ಮಂಡಿ ನಿನ್ನನ್ನು ಇನ್ನೂ ಬಹಳ ದೂರ ನಡೆಸಲಿ, ಬಸ್‌ಸ್ಟ್ಯಾಂಡಿನವರೆಗಾದರೂ.

ಇತಿ,
ಉಮಾಶಂಕರ

ತಾ.ಕ.: ಆಕ್ಷೇಪಣೆಯ ಜೆರಾಕ್ಸ್ ಇದರ ಜೊತೆಗಿದೆ. ಅಕ್ಷರ ಎಡಗೈಯಲ್ಲಿ ಬರೆದಂತೆ ಸೊಟ್ಟಗಿದೆ, ಗುರುತು ಹಿಡಿಯುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಉದ್ದದ ಸಾಲುಗಳ ನಡುವೆ ಎರಡು ಓರೆಗೆರೆಗಳಿವೆ. ಕೈಬರಹ ಬದಲಾಯಿಸಿದೆ, ಗೆರೆ ಬಿಡಲು ನಿನ್ನಿಂದ ಆಗಲಿಲ್ಲ. ಅಭ್ಯಾಸಕ್ಕೆ ಹಾಕಿದೆಯೋ, ನನಗೆ ತಿಳಿಯಲೆಂದೇ ಹಾಕಿದೆಯೋ, ನನಗೆ ಗೊತ್ತಿಲ್ಲ. ಪೆನ್ಸನ್ನು ಎಂದು ನಾನು ಅಕ್ಕನಿಗೆ ಹೇಳಿದ ದಿನ ಅವಳ ಕೋಣೆಯಲ್ಲಿ ಇದ್ದದ್ದು ಮೂವರು: ಅವಳು, ನಾನು, ಅವಳು ಮೇಷ್ಟ್ರು ಎನ್ನುವ ನೀನು. ಪತ್ರದ ಕೆಳಗೆ ಸಾಕ್ಷಿಯ ಸಹಿ ನಿನ್ನದು. ಅದೊಂದನ್ನು ನೀನು ಆಕ್ಷೇಪಣೆಯಲ್ಲಿ ಬರೆದಿಲ್ಲ. ರಂಗಪ್ಪ ಬಿಸಿಲಲ್ಲಿ ನಿಂತು ಬೈದ. ನೀನು ಪರದೆಯ ಹಿಂದಿನಿಂದ ಬೈದು, ಆಮೇಲೆ ಅಪ್ಪಣೆ ಬಂತೇ ಎಂದು ಎರಡು ಕಾಗದ ಹಾಕಿದೆ.

ಆ ಗುರುವಾರ ಅಂಗಳದಲ್ಲಿ ನಿಂತು ಅದನ್ನು ಪಾರ್ಟಿನಂತೆ ಗಟ್ಟಿಯಾಗಿ ಓದಿದೆ. ನೀನು ಗೆರೆ ಹಾಕಿದ ಕಡೆಯೆಲ್ಲ ಉಸಿರು ಸರಿಯಾಗಿ ಸಿಕ್ಕಿತು. ನನ್ನ ಎದೆ ನಿನಗೆ ಇನ್ನೂ ಗೊತ್ತಿದೆ. ಅಕ್ಕನ ಹೆಬ್ಬೆಟ್ಟಿನ ಸಾಲಿಗೆ ಮಾತ್ರ ಗೆರೆಯಿಲ್ಲ. ಅಲ್ಲಿ ನಿಂತುಬಿಟ್ಟೆ. ಚಪ್ಪರದ ಕೆಳಗಿಂದ ಅಕ್ಕ, "ಒಸ ನಾಟ್ಕವಾ ಲಾ? ನಿಲ್ಲುಸ್ಬುಟ್ಟೆಯಲ್ಲ" ಎಂದಳು.

28ಕ್ಕೆ ಅಕ್ಕನನ್ನು ಕರೆದುಕೊಂಡು ಹೋಗುವುದಿಲ್ಲ. ಆ ಸಾಲನ್ನು ಅಧಿಕಾರಿಯ ಮುಂದೆ ನಾನೇ ಹೇಳುತ್ತೇನೆ. ಬಾ. ಹಿಂದೆ ನಿಲ್ಲಬೇಡ. ಎದುರಿಗೆ ನಿಂತು, ಎಲ್ಲಿ ಉಸಿರೆಳೆಯಬೇಕೆಂದು ತೋರಿಸು.