ಸೋಮಪ್ಪನ ಹೊರಸಿನ ತಿಗಣೆ

ಅಂಬಿಕಾನಗರ
12-3-1998, ಗುರುವಾರ

ಪ್ರೀತಿಯ ವಿದ್ಯಾ,

ಇದನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹೇಳಿ ಕ್ಯಾಸೆಟ್ಟನ್ನೇ ಕಳಿಸೋಣ ಎಂದುಕೊಂಡಿದ್ದೆ. ಹೇಳಿ, ತಿರುಗಿಸಿ ಕೇಳಿದರೆ ಫೋಟೋ ತೆಗೆದಾಗ ಜೇಡ, ಜೀರುಂಡೆಗಳ ವಿವರ ಒದರುವ ಅದೇ ದನಿ, ಅದೇ ಗತ್ತು. ನಾಚಿಕೆಯಾಗಿ ಅಳಿಸಿಬಿಟ್ಟೆ. ತಪ್ಪಾಯಿತು ಎನ್ನುವ ದನಿ ನನಗೆ ರೂಢಿಯಿಲ್ಲ ನೋಡು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಸಿಟ್ಟಾಗಿ ತವರಿಗೆ ಹೋದದ್ದು ಸರಿಯೇ. ಆದರೆ ನಿನಗೆ ಗೊತ್ತಿರುವುದು ಅರ್ಧ ಮಾತ್ರ. ಅವತ್ತು ನಿನ್ನ ತವರೂರು ಇಂದೂರಿನಲ್ಲಿ ನೀನು ಬಟ್ಟೆ ಒಗೆಯಲು ಹೋಗಿದ್ದೆ. ನಿನ್ನ ಅಣ್ಣ ಸೋಮಪ್ಪ ತಾನು ಮಲಗುವ ಹೊರಸನ್ನು ಅಂಗಳದ ಬಿಸಿಲಿಗೆ ಹಾಕಿದ್ದ. ಅವನ ಹೆಂಡತಿ, ನಿನ್ನ ವೈನಿ ಕೆಂಚವ್ವ ಕುದಿಯುವ ನೀರು ತಂದು ಸುರಿಯುವಷ್ಟರಲ್ಲಿ ಕಾಲಿನ ಸಂದಿಯಿಂದ ಒಂದು ತಿಗಣೆ ಹೊರಗೆ ಬಂತು. ಕ್ಯಾಮೆರಾಕ್ಕೆ ಲೆನ್ಸನ್ನು ಹಿಂದುಮುಂದಾಗಿ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಮೂಗು ತಾಗುವಷ್ಟು ಹತ್ತಿರ ಬಗ್ಗಿದೆ. ರಕ್ತ ಕುಡಿದ ಹೊಟ್ಟೆ ದಾಳಿಂಬೆ ಕಾಳಿನ ಹಾಗೆ ಹೊಳೆಯುತ್ತಿತ್ತು. "ತಡಿ ತಡಿ, ನೀರ ಹಾಕಬ್ಯಾಡ!" ಎಂದು ಕೂಗಿದೆ. ಆಕೆ ಕಾದ ಪಾತ್ರೆ ಹಿಡಿದು ನಿಂತೇ ಇದ್ದಳು.

"ಅಣ್ಣಾರ, ಹೂವಿಂದ ತಗೀರಿ, ಪಾತರಗಿತ್ತಿದ ತಗೀರಿ. ನಮ್ಮನಿ ತಗಣೀದ ಫೋಟೋ ಯಾಕ್ರೀ? ಅಂಬೇವಾಡಿಯವರು ಈಗರೆ ನಮ್ಮ ನೀಲಾನ್ನ ನೋಡಿ ಹೋಗ್ಯಾರ" ಎಂದು ಮಗಳ ಮದುವೆ ಮಾತು ನೆನಪಿಸಿದಳು. "ಯಾರಿಗೂ ಗೊತ್ತಾಗೂದಿಲ್ಲ ತಗೋ" ಎಂದೆ. ಆಕೆ ನಿನಗೆ ಇದನ್ನು ಹೇಳಿಲ್ಲ ಎಂದರೆ ಅದು ಆಕೆಯ ದೊಡ್ಡತನ. ನಾನು ಮಾತು ಕೊಟ್ಟಿದ್ದೆ, ವಿದ್ಯಾ.

ಆಮೇಲೆ ದಾಂಡೇಲಿ ಕ್ಲಬ್ಬಿನ ಫೋಟೋ ಪ್ರದರ್ಶನ ಬಂತು. ಎಲ್ಲಿ ಸಿಕ್ಕಿತೆಂದು ಬರೆಯದ ಕೀಟದ ಚಿತ್ರಕ್ಕೆ ಬೆಲೆಯಿಲ್ಲ ಎಂದು ದಿನಾ ಭಾಷಣ ಬಿಗಿಯುವವನು ನಾನು. ಟೇಪಿನಲ್ಲಿ ಹೇಳಿಟ್ಟಿದ್ದನ್ನು ಹಾಗೆಯೇ ದಪ್ಪ ಅಕ್ಷರದಲ್ಲಿ ಚೀಟಿಗೆ ಇಳಿಸಿದೆ: "ತಿಗಣೆ. ಇಂದೂರ, ಸೋಮಪ್ಪನ ಅಂಗಳ, ಹೊರಸಿನ ಕಾಲು." ಬರೀ ಇಂದೂರ ಎಂದಿದ್ದರೆ ಸಾಕಿತ್ತು. ನೋಡಲು ಬಂದಿದ್ದ ಅಂಬೇವಾಡಿಯ ಹುಡುಗನ ತಾಯಿ ಮಹಾದೇವಕ್ಕ ಅದನ್ನೇ ಎಲ್ಲರಿಗೂ ಕೇಳುವಂತೆ ಓದಿ, "ಅಯ್ಯ, ಹೆಣ್ಣಿನ ಜೋಡಿ ಇವೂ ದಿಬ್ಬಣದಾಗ ಬರ್ತಾವೇನ?" ಎಂದಳು. ಹಾಲ್ ತುಂಬ ನಗು. ನೀನು ಬಾಗಿಲಲ್ಲಿ ನಿಂತಿದ್ದೆ. ನಾನೂ ನಕ್ಕದ್ದನ್ನು ನೀನು ನೋಡಿದೆ.

ನಮ್ಮ ಕ್ವಾರ್ಟರ್ಸಿನ ಗಾದಿಯಲ್ಲಿ ತಿಗಣೆ ಇರಲಿಲ್ಲವೇ? ಎರಡು ಬೇಸಿಗೆ ಕೆರೆದುಕೊಂಡೆವು. ಅದರ ಫೋಟೋ ತೆಗೆಯಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ನಿನ್ನೆ ಅಂಬೇವಾಡಿಗೆ ಹೋಗಿ ಮಹಾದೇವಕ್ಕನ ಮುಂದೆ ಇದನ್ನೇ ಹೇಳಿದೆ. ಆಕೆ ಚಹಾ ಕೊಟ್ಟಳು. "ನಮ್ಮನ್ಯಾಗ ಏನ್ ತಗಣಿ ಇಲ್ಲೇನ್ರಿ? ಆದ್ರ ನಾವು ಅವನ್ನ ಗ್ವಾಡಿಗೆ ಹಾಕಿಲ್ಲ. ಹುಡುಗಿ ಬಂಗಾರದಂಥಾಕಿ. ನಾಳೆ ನಮ್ಮನೀದೂ ಹಿಂಗ ಮಂದಿ ಮುಂದ ಇಡೂ ಬೀಗರು ಬ್ಯಾಡಂತಾರ ನಮ್ಮವರು. ಮೊದಲ ಅದನ್ನ ಇಳಸ್ರಿ, ಆಮ್ಯಾಲ ಮಾತಾಡೂಣು" ಎಂದಳು. ಅವತ್ತೇ ಇಳಿಸಿ ಪೇಪರಿನಲ್ಲಿ ಸುತ್ತಿಟ್ಟಿದ್ದೇನೆ ಎಂದೆ. ಅಷ್ಟಾದರೆ ನೀಲಾಳ ಸಂಬಂಧ ಉಳಿಯುತ್ತದೆ ಎಂದು ಸೋಮಪ್ಪನಿಗೆ ತಿಳಿಸು.

ಭಾನುವಾರ ಇಂದೂರಿಗೆ ಬರುತ್ತೇನೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಂಚವ್ವನಿಗೆ ಹೇಳಬೇಕಾದದ್ದನ್ನು ಹೇಳುತ್ತೇನೆ. ನೀನು ನನ್ನ ಜೊತೆ ವಾಪಸು ಬಾ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ತಲೆ ತಗ್ಗಿಸಿರುವ ನಿನ್ನ
ನಾಗಲಿಂಗಪ್ಪ

ತಾ.ಕ.: ಮೇಲಿನದರಲ್ಲಿ ಒಂದು ಸುಳ್ಳಿದೆ. ಮಹಾದೇವಕ್ಕನಿಗೂ ಅದನ್ನೇ ಹೇಳಿ ಬಂದೆ. ಫೋಟೋ ಇಳಿದಿಲ್ಲ, ಚೀಟಿಯನ್ನಷ್ಟೇ ಕಿತ್ತಿದ್ದೇನೆ. ಅದಕ್ಕೆ ಮೊದಲ ಬಹುಮಾನ ಬಂದಿದೆ. ಭಾನುವಾರ ಕೊಡುತ್ತಾರೆ, ಅಲ್ಲಿಯವರೆಗೆ ಗೋಡೆಯ ಮೇಲಿರಬೇಕಂತೆ. ಬಹುಮಾನ ತೆಗೆದುಕೊಂಡು ಸೋಮವಾರ ಬರುತ್ತೇನೆ ಎಂದು ಮೊದಲು ಬರೆದು, ಆ ಹಾಳೆ ಹರಿದೆ. ಈಗ ದಾಂಡೇಲಿಗೆ ಹೊರಟಿದ್ದೇನೆ. ಫೋಟೋ ಇಳಿಸಿದ ಮೇಲೆಯೇ ಈ ಪತ್ರವನ್ನು ಅಲ್ಲಿಯ ಅಂಚೆ ಡಬ್ಬಿಗೆ ಹಾಕುತ್ತೇನೆ. ಇದು ನಿನ್ನ ಕೈಗೆ ಬಂದಿದ್ದರೆ, ಗೋಡೆ ಖಾಲಿ ಇದೆ ಎಂದು ತಿಳಿ.