ನೀರು ಬಂದ ದಿನ ಸೂಜಿ

ಗುಬ್ಬಿ
17-4-2002

ಮಗಳು ಶಾಂತಲಾಗೆ ನಿಮ್ಮಪ್ಪನ ಆಶೀರ್ವಾದಗಳು.

ನಿನ್ನ ಎಂಟು ಪುಟದ ಕಾಗದ ಕೈಸೇರಿ ಒಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ನೀನು ಪುಣೆಯ ಲ್ಯಾಬಿನಲ್ಲಿ ಇಲಿಗಳ ನಡುವೆ ಕೂತು ಬರೆದದ್ದು ನನ್ನಂಥ ಏಳನೇ ಕ್ಲಾಸಿನವನ ತಲೆಗೆ ಇಳಿಯಲು ಅಷ್ಟು ದಿನ ಬೇಕಾಯಿತು. ನಿಮ್ಮಮ್ಮನಿಗೂ ಓದಲು ಕೊಟ್ಟೆ. ಅವಳು ಎರಡನೇ ಪುಟಕ್ಕೇ ಸೊಪ್ಪು ಸೋಸಬೇಕು ಅಂತ ಎದ್ದು ಹೋದಳು.

ನನಗೆ ತಿಳಿದದ್ದು ಇಷ್ಟು, ತಪ್ಪಿದ್ದರೆ ತಿದ್ದು. ಕ್ಯಾನ್ಸರ್ ಹಿಡಿದ ಕಿಡ್ನಿ ತೆಗೆದ ಮೇಲೂ ನನ್ನ ಶ್ವಾಸಕೋಶದಲ್ಲಿ ಉಳಿದಿರುವ ಗಂಟು ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು, ರಕ್ತಕ್ಕೆ ಹೊಸ ನಾಳ ಬೇಕು. ಮೈ ಕಾಯುವ ಕಣಗಳು ಒಂದಕ್ಕೊಂದು ಚೀಟಿ ಕಳಿಸಿಕೊಳ್ಳುತ್ತವೆ. ಗಾಯವಾದರೆ 'ಇಲ್ಲಿ ನಾಳ ಎಳೆಯಿರಿ' ಅಂತ ಒಂದು ಚೀಟಿ, ಮಾಗಿದರೆ 'ಸಾಕು, ನಿಲ್ಲಿಸಿ' ಅಂತ ಇನ್ನೊಂದು. ಗಂಟು ಮಹಾ ಖದೀಮ. ಆ ಕಾವಲುಗಾರರನ್ನೇ ಬುಟ್ಟಿಗೆ ಹಾಕಿಕೊಂಡು 'ಎಳೆಯಿರಿ' ಅನ್ನುವ ಚೀಟಿ ಬರೆಸಿಕೊಳ್ಳುತ್ತದೆ. ನನಗೆ ಕೊಡುವ ಇಂಟರ್‌ಫೆರಾನ್ ಸೂಜಿ 'ನಿಲ್ಲಿಸಿ' ಅನ್ನುವ ಚೀಟಿ. ಅಲ್ಲ ಕಣಮ್ಮ, ಇದಕ್ಕೆ ಎಂಟು ಪುಟ ಯಾಕೆ? ಕಳ್ಳ ಕನೆಕ್ಷನ್ ಅಂತ ಒಂದು ಮಾತು ಬರೆದಿದ್ದರೆ ಸಾಕಿತ್ತು. ಊರಿನ ಬೀದಿ ಬೀದಿಗೆ ನೀರು ಬಿಡುವ ವಾಲ್ವ್‌ಮನ್ ಆಗಿ ಇಪ್ಪತ್ತೆಂಟು ವರ್ಷದಿಂದ ನಾನು ಹುಡುಕಿ ಹುಡುಕಿ ಹಿಡಿಯುತ್ತಿರುವುದು ಅದನ್ನೇ ತಾನೆ.

ಇನ್ನು ಸೂಜಿಯ ಸಮಾಚಾರ. ಹಾಕುವವನು ಎದುರುಮನೆ ನರಸಯ್ಯ. ಕುಣಿಗಲ್‌ನ ಕುದುರೆ ಫಾರಂನಲ್ಲಿ ಮೂವತ್ತು ವರ್ಷ ಕುದುರೆಗಳಿಗೆ ಸೂಜಿ ಹಾಕಿ ರಿಟೈರ್ ಆದವನು. ಡಾಕ್ಟರ್ ತೋರಿಸಿಕೊಟ್ಟ ಹಾಗೆಯೇ ಹಾಕುತ್ತಾನೆ, ಪಾಪ. ಚುಚ್ಚುವ ಮುಂಚೆ ನನ್ನ ಬೆನ್ನು ತಟ್ಟಿ 'ಹೋ, ಹೋ' ಅನ್ನುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ಔಷಧಿ ಇರುವುದು ಪಕ್ಕದ ಮನೆ ಶಕೀಲಾಳ ಫ್ರಿಜ್ಜಿನಲ್ಲಿ. ಮೊಟ್ಟೆ ಇಡುವ ಜಾಗ ಖಾಲಿ ಮಾಡಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದಾಳೆ.

ಡಾಕ್ಟರ್ ಹೇಳಿದ್ದು ದಿನ ಬಿಟ್ಟು ದಿನ. ನಮ್ಮ ಬೀದಿಗೆ ನಲ್ಲಿ ನೀರು ಬರುವುದೂ ದಿನ ಬಿಟ್ಟು ದಿನ. ನರಸಯ್ಯ ಬೆಳಿಗ್ಗೆ ಹೊಲಕ್ಕೆ ಹೋಗದೆ ಮನೆಯಲ್ಲಿರುವುದು ನೀರು ಬಂದ ದಿನ ಮಾತ್ರ, ಡ್ರಮ್ಮು ತುಂಬಬೇಕಲ್ಲ. ಹಾಗಾಗಿ ನಿಮ್ಮಮ್ಮ ಕ್ಯಾಲೆಂಡರಿನ ಗೋಜಿಗೇ ಹೋಗದೆ, ನೀರು ಬಂದ ದಿನ ಸೂಜಿ ಅಂತ ನಿಯಮ ಮಾಡಿಬಿಟ್ಟಳು. ನಲ್ಲಿ ಸುಯ್ ಅಂದ ತಕ್ಷಣ ನಾನು ಪಂಚೆ ಸರಿಸಿ ಕೂರಬೇಕು. ಮಧ್ಯಾಹ್ನದ ಹೊತ್ತಿಗೆ ಚಳಿಜ್ವರ. ಈ ಸುಡುಬಿಸಿಲಿನಲ್ಲಿ ಮೂರು ಕಂಬಳಿ ಹೊದ್ದು ಮಲಗಿರುವವನು ಇಡೀ ಗುಬ್ಬಿಗೆ ನಾನೊಬ್ಬನೇ ಇರಬೇಕು.

ಎರಡು ತಿಂಗಳು ಹೀಗೇ ನಡೆಯಿತು. ಮಾರ್ಚ್ ಕೊನೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟುಹೋಗಿ ತುಮಕೂರಿಗೆ ರಿಪೇರಿಗೆ ಹೋಯಿತು. ನೀರಿಲ್ಲ, ಸೂಜಿಯೂ ಇಲ್ಲ. ಐದು ದಿನಕ್ಕೆ ಮಿಕ್ಕ ಬೀದಿಗಳಿಗೆ ನೀರು ಬಂತು, ನಮ್ಮದು ಕೊನೇ ಬೀದಿ, ಪ್ರೆಷರ್ ಸಾಲದು ಅಂತ ನಾನೇ ಎಲ್ಲರಿಗೂ ಹೇಳಿದೆ. ಹೆಂಗಸರು ಕೈಪಂಪಿನ ಹತ್ತಿರ ಬಿಂದಿಗೆ ಸಾಲು ಇಟ್ಟುಕೊಂಡು ಜಗಳಕ್ಕೆ ನಿಂತರು. ಸೂಜಿಯ ವಿಚಾರ ಒಬ್ಬರಿಗೂ ಹೊಳೆಯಲಿಲ್ಲ. ಜ್ವರ ಬಿಟ್ಟಿತು. ಎರಡು ಮುದ್ದೆ ಉಂಡೆ, ಬಸ್‌ಸ್ಟ್ಯಾಂಡ್‌ವರೆಗೂ ನಡೆದುಹೋಗಿ ಕಾಫಿ ಕುಡಿದು ಬಂದೆ. ಔಷಧಿ ಹತ್ತಿತು ಅಂತ ನಿಮ್ಮಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

ನಿನ್ನೆ ಶಕೀಲಾ ಒಂದು ಕೈಯಲ್ಲಿ ಶಾವಿಗೆ ಪಾಯಸ, ಇನ್ನೊಂದು ಕೈಯಲ್ಲಿ ಆ ಡಬ್ಬಿ ಹಿಡಿದು ಬಂದಳು. ಕೋರ್ಸ್ ಮುಗೀತಲ್ಲಕ್ಕ, ಉಳಿದಿರೋ ಬಾಟ್ಲಿ ಏನ್ ಮಾಡ್ಲಿ ಅಂದಳು. ನಿಮ್ಮಮ್ಮ ಮುಚ್ಚಳ ತೆಗೆದರೆ ಒಂಬತ್ತು ಬಾಟಲಿ ಹಾಗೇ ಕೂತಿವೆ. ಬೆರಳು ಮಡಿಸಿ ಸೂಜಿ ತಪ್ಪಿದ ದಿನಗಳನ್ನು ಎಣಿಸಿದಳು. ಆಮೇಲೆ ನರಸಯ್ಯನ ಮನೆ ಬಾಗಿಲಿಗೇ ಹೋದಳು.

"ನೀರಿಲ್ದಿದ್ರೆ ಸೂಜಿ ಹಾಕ್ಬಾರ್ದು ಅಂತ ಯಾರ್ಲಾ ಹೇಳಿದ್ದು ನಿಂಗೆ?"

"ನೀನೇ ಅಲ್ವೇನಕ್ಕ, ನೀರ್ ಬಂದ್ ದಿನ ಬಾ ಅಂದಿದ್ದು?"

ಅದಕ್ಕೆ ಅವಳ ಹತ್ತಿರ ಬೈಗುಳ ಬೇಕಾದಷ್ಟಿತ್ತು. ಅವಳು ಬರುವಷ್ಟರಲ್ಲಿ ಪಾಯಸ ಆರಿಹೋಗುತ್ತದೆ ಅಂತ ನಾನು ಮುಗಿಸಿಟ್ಟೆ.

ಇವತ್ತು ಬೆಳಿಗ್ಗೆ ನಮ್ಮ ಬೀದಿಗೂ ನೀರು ಬಂತು, ನರಸಯ್ಯನೂ ಬಂದ. ಇನ್ನು ಮುಂದೆ ಕ್ಯಾಲೆಂಡರ್ ನೋಡಿಯೇ ಸೂಜಿ ಅಂತ ತೀರ್ಮಾನವಾಗಿದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಮೊದಲು ನಿನ್ನ ಊಟ, ಆಮೇಲೆ ಇಲಿಗಳದ್ದು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿಮ್ಮಪ್ಪ,
ಪುಟ್ಟರಂಗಯ್ಯ

ತಾ.ಕ.: ಮೇಲಿನದನ್ನು ನಿಮ್ಮಮ್ಮ ಓದಿದ್ದಾಳೆ. ಇದನ್ನು ಅವಳು ಸ್ನಾನಕ್ಕೆ ಹೋಗಿರುವಾಗ ಬರೆಯುತ್ತಿದ್ದೇನೆ. ಪ್ರೆಷರ್ ಬೇಕಾದಷ್ಟಿತ್ತು. ಮೋಟಾರ್ ರಿಪೇರಿಯಾಗಿ ಬಂದ ಮೇಲೂ ನಮ್ಮ ಬೀದಿಯ ವಾಲ್ವನ್ನು ಮುಚ್ಚಿಯೇ ಇಟ್ಟವನು ನಾನು. ಆರನೇ ದಿನ ಬೆಳಿಗ್ಗೆ ಕೀಲಿ ಹಿಡಿದು ಹೋದೆ, ತಿರುಗಿಸಲು ಕೈ ಬರಲಿಲ್ಲ. ನಾಳೆ ಬಿಟ್ಟರಾಯಿತು ಅಂತ ವಾಪಸ್ ಬಂದೆ. ಹಾಗೇ ಹದಿನಾಲ್ಕು ದಿನ ಕಳೆಯಿತು. ನಿಮ್ಮಮ್ಮ ಬಿಂದಿಗೆ ಹೊತ್ತು ಬರುವುದನ್ನು ಜಗಲಿ ಮೇಲೆ ಕೂತು ನೋಡಿದೆ. ನಿನಗೆ ಯಾರೂ ಬರೆದಿಲ್ಲ: ಸೂಜಿ ಹಾಕಿದ ಮಧ್ಯಾಹ್ನ ಆ ಚಳಿಜ್ವರದ ನಡುಕ ಬಂದಾಗ ನನಗೆ ಗೊತ್ತಿಲ್ಲದೆ ಪಂಚೆ ಒದ್ದೆಯಾಗುತ್ತದೆ. ನಿಮ್ಮಮ್ಮ ಏನೂ ಆಗಿಲ್ಲವೆನ್ನುವ ಹಾಗೆ ಒಗೆದು ಹಾಕುತ್ತಾಳೆ. ನನಗೆ ಅವಳ ಮುಖ ನೋಡಲಾಗುವುದಿಲ್ಲ. ಹತ್ತೊಂಬತ್ತು ದಿನ ಸೂಜಿ ತಪ್ಪಿದರೆ ಆ ಗಂಟು ಎಷ್ಟು ಬೆಳೆದಿರುತ್ತದೆ? ನನ್ನ ಆಫೀಸಿನ ವಿಳಾಸಕ್ಕೆ ಬರಿ, ನಿಜವನ್ನೇ ಬರಿ. ನನಗೆ ಇನ್ನೂ ಬದುಕಬೇಕು ಕಣಮ್ಮ.